ಮಹಡಿ ಮೇಲೆ ನೀರು ಬಿತ್ತು

ಪೇಪರಿನಲ್ಲಿ ಪಕ್ಷದ ಚುಕ್ಕಾಣಿ ಹಿಡಿದವರ ಸುದ್ದಿ ಓದಿದ್ದೆನೇ ಹೊರತು ದೋಣಿಯ ಹಿಂದೆ ನೀರಿನಲ್ಲಿ ಮುಳುಗಿದ್ದು ಅದರ ದಿಕ್ಕು ತಿರುಗಿಸುವ ನಿಜವಾದ ಚುಕ್ಕಾಣಿಯನ್ನು ನಾನು ಕಂಡವನಲ್ಲ. ಕೋಲಾರದವನಿಗೆ ಅದರ ಅಗತ್ಯವಾದರೂ ಏನು? ಹೋದ ಮಾರ್ಚಿನಲ್ಲಿ ಮಂಗಳೂರಿಗೆ ಟೊಮೆಟೊ ಹೊತ್ತು ಹೋಗಿದ್ದ ಲಾರಿಯೊಂದು ವಾಪಸ್ ಬರುವಾಗ ಖಾಲಿ ಕ್ರೇಟುಗಳ ಮಧ್ಯೆ ಅಂಥದ್ದೊಂದನ್ನು ತಂದು ನಮ್ಮ ಮನೆ ಮುಂದೆ ಇಳಿಸಿತು. ನನ್ನ ಎದೆಯೆತ್ತರದ ಫೈಬರ್ ಹಲಗೆ, ನೆತ್ತಿಯಲ್ಲಿ ಒಂದು ಸ್ಟೀಲ್ ಕಂಬ. ಹಿಂದೆಯೇ ಭಾವಮೈದನ ಫೋನು.

"ಭಾವ, ಹಾಯಿದೋಣಿ ತಗೊಂಡಿದ್ದೀನಿ, ಸೆಕೆಂಡ್ ಹ್ಯಾಂಡು. ಚುಕ್ಕಾಣಿ ಒಳಗೆ ನೀರು ಹೋಗ್ಬಿಟ್ಟಿದೆ. ಈ ಊರಿನ ಸೆಕೆಗೆ ಬನಿಯನ್ನೇ ಒಣಗಲ್ಲ, ಇದೆಲ್ಲಿ ಒಣಗುತ್ತೆ? ನಿಮ್ಮ ಮಹಡಿ ಬಿಸಿಲಲ್ಲಿ ಒಂದು ತಿಂಗಳು ಇಟ್ಕೊಳಿ."

ಕಾಶಿಯಾತ್ರೆಗೆ ಹೊರಟಿದ್ದ ನನ್ನನ್ನು ತಡೆದು ಮಂಟಪಕ್ಕೆ ಕರೆತಂದವನೇ ಇವನು. ಆ ಲೆಕ್ಕವೇ ಇನ್ನೂ ಚುಕ್ತಾ ಆಗಿಲ್ಲ.

ಹಲಗೆ ಎಂದರೆ ಎರಡು ಫೈಬರ್ ಸಿಪ್ಪೆ, ನಡುವೆ ಫೋಮು. ಕಂಬ ಒಳಗೆ ಇಳಿಯುವ ಜಾಗದಲ್ಲಿ ಸ್ಟೀಲು ಒಂದಳತೆಗೆ ಹಿಗ್ಗುತ್ತದೆ, ಫೈಬರು ಇನ್ನೊಂದಳತೆಗೆ. ಕೂದಲೆಳೆಯಷ್ಟು ಬಿರುಕು ಬಿಟ್ಟರೆ ಸಾಕು, ಸಮುದ್ರ ಒಳಗೆ. ಎಲ್ಲಿ ನೀರಿದೆ ಎಂದು ತಿಳಿಯಲು ನಾಣ್ಯದಿಂದ ತಟ್ಟಬೇಕಂತೆ. ಹಲಸಿನಹಣ್ಣು ತಟ್ಟಿ ಅಭ್ಯಾಸವಿದ್ದ ನನಗೆ ಇದೇನು ಮಹಾ! ಮೇಲೆಲ್ಲ ಟಣ್ ಟಣ್, ಕೆಳಗೆ ಬರುತ್ತ ಬರುತ್ತ ಡಬ್ ಡಬ್. ತುದಿಯಲ್ಲಿ ತೂತು ಕೊರೆಯಲು ಡ್ರಿಲ್ಲಿಗೆ 6 ಮಿಲಿಮೀಟರ್ ಬಿಟ್ ಹಾಕಿಕೊಂಡೆ.

ಪಕ್ಕದ ಮನೆ ಮೇಷ್ಟ್ರು ನೋಡಲು ಬಂದರು. ಪಾಪ, ತೋಟದಲ್ಲಿ ಎರಡು ಬೋರ್ ಕೊರೆಸಿದವರು. ಮೊದಲನೆಯದು 1,200 ಅಡಿ, ಬರೀ ಧೂಳು. ಎರಡನೆಯದು 1,450, ಅದೂ ಧೂಳು. ನಾನು ಅರ್ಧ ಇಂಚು ಕೊರೆದಿರಲಿಲ್ಲ, ಕಾಫಿ ಡಿಕಾಕ್ಷನ್ ಬಣ್ಣದ ನೀರು ಸಣ್ಣಗೆ ಸುರಿಯತೊಡಗಿತು. ಮೇಷ್ಟ್ರು ಮಾತಾಡಲಿಲ್ಲ. ಬೆರಳಿಗೆ ತಗಲಿಸಿ ನಾಲಿಗೆಗೆ ಇಟ್ಟುಕೊಂಡರು.

"ಉಪ್ಪು," ಎಂದರು. ಆಮೇಲೆ, "ಆದ್ರೆ ನಮ್ಮ ನೀರಿನ ಫ್ಲೋರೈಡ್ ಇರಲಿಕ್ಕಿಲ್ಲ ಬಿಡಿ."

ಸಂಜೆಯೊಳಗೆ ಬೀದಿಯೆಲ್ಲ ಮಹಡಿ ಹತ್ತಿತ್ತು. ಅಂತರಗಂಗೆಯಲ್ಲಿ ಬಸವನ ಬಾಯಿಂದ ಬೀಳುವ ನೀರನ್ನು ನೋಡುವ ಭಕ್ತಿಯಿಂದಲೇ ಎಲ್ಲರೂ ನೋಡಿದರು. "ಪಾಯಿಂಟ್ ನೋಡಿದ್ದು ಯಾರು?" ಎಂದು ಒಬ್ಬರು ಕೇಳಿಯೂ ಬಿಟ್ಟರು.

ಒಳಗಿನ ಸ್ಟೀಲು ಹೇಗಿದೆ ನೋಡಿ ಎಂದು ಮಂಗಳೂರಿನಿಂದ ಮತ್ತೊಂದು ಅಪ್ಪಣೆ. ವೆಲ್ಡಿಂಗ್ ಅಂಗಡಿಯ ಭಾಯಿ ಗ್ರೈಂಡರಿನಲ್ಲಿ ಕಿಟಕಿಯಷ್ಟು ಸಿಪ್ಪೆ ಕೊಯ್ದು ತೆಗೆದರು. ಕಂಬಕ್ಕೆ ಮೀನಿನ ಮುಳ್ಳಿನ ಹಾಗೆ ಸ್ಟೀಲ್ ಪಟ್ಟಿಗಳು. ವೆಲ್ಡ್ ಮಾಡಿದ ಕಡೆಯೆಲ್ಲ ಉಗುರು ಹೋಗುವಷ್ಟು ಗುಳಿ.

"ಇದು ಸ್ಟೇನ್‌ಲೆಸ್ಸಾ?" ನನ್ನವಳಿಗೆ ರೇಗಿತು. "ನಮ್ಮಮ್ಮ ಕೊಟ್ಟ ಕೊಳಗಕ್ಕೆ 30 ವರ್ಷ ಆಯ್ತು, ಒಂದು ಚುಕ್ಕೆ ಇಲ್ಲ!"

ಕೊಳಗಕ್ಕೂ ಕಂಬಕ್ಕೂ ಇರುವ ವ್ಯತ್ಯಾಸ ಗಾಳಿಯದು. ಸ್ಟೇನ್‌ಲೆಸ್ಸಿನಲ್ಲಿರುವ ಕ್ರೋಮಿಯಂ ಗಾಳಿಯ ಆಮ್ಲಜನಕ ಸೇರಿ ಕಣ್ಣಿಗೆ ಕಾಣದ ಪೊರೆ ಕಟ್ಟುತ್ತದೆ, ಗೀಚಿದರೆ ಮತ್ತೆ ಕಟ್ಟಿಕೊಳ್ಳುತ್ತದೆ. ಸಂದಿಯಲ್ಲಿ ಉಪ್ಪುನೀರು ನಿಂತು ಕೊಳೆತರೆ ಆಮ್ಲಜನಕ ತೀರಿಹೋಗಿ ಪೊರೆ ಹರಿಯುತ್ತದೆ. ಮತ್ತೆ ಕಟ್ಟಿಕೊಳ್ಳಲು ಅದಕ್ಕೆ ಉಸಿರೇ ಇರುವುದಿಲ್ಲ. ಇದನ್ನೆಲ್ಲ ಬಿಡಿಸಿ ಹೇಳಿದೆ. "ಅಂದ್ರೆ ದಿನಾ ತಿಕ್ಕೋರಿಲ್ಲ ಅನ್ನಿ," ಎಂದು ಒಂದೇ ಮಾತಿನಲ್ಲಿ ಮುಗಿಸಿದಳು.

ಆಮೇಲೆ ಒಣಗಿಸುವ ಕಾರ್ಯ. ಎರಡು ಇಟ್ಟಿಗೆಯ ಮೇಲೆ, ಕಿಟಕಿ ಸೂರ್ಯನ ಕಡೆಗೆ. ಅಕ್ಕಪಕ್ಕ ನನ್ನವಳ ಸಬ್ಬಕ್ಕಿ ಸಂಡಿಗೆ. ಮೂರನೇ ದಿನಕ್ಕೆ ಸಂಡಿಗೆ ಚುಕ್ಕಾಣಿಯ ಮೇಲೂ ಹತ್ತಿತು. ವಾರಕ್ಕೊಮ್ಮೆ ಗೂಡ್ಸ್ ಆಟೋದಲ್ಲಿ ಮಂಡಿಗೆ ಹೊತ್ತೊಯ್ದು ಟೊಮೆಟೊ ತಕ್ಕಡಿಯಲ್ಲಿ ತೂಗಿಸುತ್ತಿದ್ದೆ: 31 ಕಿಲೊ, 29, 27 ಮುಕ್ಕಾಲು. ಹಮಾಲರು "ಇವತ್ತು ಎಷ್ಟು ಇಳೀತು ಸಾರ್?" ಎಂದು ಶುಗರ್ ರೋಗಿಯನ್ನು ವಿಚಾರಿಸುವಂತೆ ವಿಚಾರಿಸುತ್ತಿದ್ದರು. ಐದನೇ ವಾರ 26. ಮರುವಾರವೂ 26. ಇನ್ನು ಇಳಿಯುವುದಿಲ್ಲ, ಒಣಗಿತು ಎಂದರ್ಥ. ಲಾರಿಯವನಿಗೆ ಹೇಳಿಟ್ಟೆ.

ಅಂದು ರಾತ್ರಿ ಎರಡಕ್ಕೆ, ಎಂಟು ದಿನದ ಮೇಲೆ ನಲ್ಲಿಯಲ್ಲಿ ನೀರು ಬಂತು. ಎದ್ದು ಮೋಟಾರ್ ಹಾಕಿ, ಐದು ನಿಮಿಷ ಒರಗೋಣ ಎಂದು ಒರಗಿದೆ. ಎಚ್ಚರವಾದಾಗ ಬೆಳಗಾಗಿತ್ತು. ಟ್ಯಾಂಕು ತುಂಬಿ ಓವರ್‌ಫ್ಲೋ ಪೈಪಿನಿಂದ ಧೋ ಎಂದು ಸುರಿಯುತ್ತಿತ್ತು. ಪೈಪಿನ ಕೆಳಗೆ ಎರಡು ಇಟ್ಟಿಗೆ, ಇಟ್ಟಿಗೆಯ ಮೇಲೆ ಆಕಾಶಕ್ಕೆ ಬಾಯಿ ತೆರೆದ ಕಿಟಕಿ.

ಹತ್ತು ಗಂಟೆಗೆ ಫೋನು. "ಭಾವ, ಒಣಗ್ತಾ?"

"ಸಂಡಿಗೆ ಚೆನ್ನಾಗಿ ಒಣಗಿದೆ ಕಣೋ," ಎಂದೆ. "ಎರಡು ಡಬ್ಬ ಕಳಿಸ್ತೀನಿ."