ನಾಳೆ ಶಾಲೆ ಶುರು, ಮಕ್ಕಳ ಪಟ್ಟಿ ಇವತ್ತು ಸಂಜೆ

ಬೇಸಿಗೆ ರಜೆ ಮುಗಿದು ನಾಳೆ ಬೆಳಿಗ್ಗೆ ಗಂಟೆ ಬಾರಿಸಬೇಕು ಅನ್ನುವಾಗ ಇವತ್ತು ಸಂಜೆ ಐದೂವರೆಗೆ ತರಗತಿಯ ಪಟ್ಟಿ ಕೈಗೆ ಬರುತ್ತದೆ. ಅದೂ ಅರ್ಧಂಬರ್ಧ. ಎರಡು ಹೆಸರು ಎರಡೆರಡು ಸಲ ಬಂದಿರುತ್ತವೆ, ಬೇರೆ ವಿಭಾಗಕ್ಕೆ ಹೋದವರ ಹೆಸರು ಹಾಗೇ ಉಳಿದಿರುತ್ತದೆ, ಹೊಸದಾಗಿ ಸೇರಿದವರ ಜಾಗ ಖಾಲಿ. ಇದನ್ನು ಹಿಡಿದುಕೊಂಡು ಮರುದಿನ 40 ಮಕ್ಕಳ ಮುಂದೆ ನಿಲ್ಲಬೇಕು. ವರ್ಷ ವರ್ಷವೂ ಇದೇ ಪಾಡು. ಆಡಳಿತದವರನ್ನು ಕೇಳಿದರೆ "ದಾಖಲಾತಿ ಇನ್ನೂ ನಡೀತಿದೆ, ನಾವೇನು ಮಾಡೋಣ" ಅನ್ನುತ್ತಾರೆ. ಹೋದ ವರ್ಷದ ಮಕ್ಕಳೇ ತಾನೇ ಮುಂದಿನ ತರಗತಿಗೆ ಬರುವುದು? 40ರಲ್ಲಿ ಹೆಚ್ಚುಕಡಿಮೆ ಎಲ್ಲ ಹೆಸರೂ ರಜೆ ಶುರುವಾಗುವ ದಿನವೇ ಗೊತ್ತಿರುತ್ತವೆ. ನಾಲ್ಕೈದು ಹೊಸ ಹೆಸರಿಗಾಗಿ ಉಳಿದದ್ದನ್ನೆಲ್ಲ ಹಿಡಿದಿಟ್ಟುಕೊಳ್ಳುವುದು ಯಾವ ನ್ಯಾಯ?

ಪಟ್ಟಿ ಸಿಗದೆ ಯಾವ ಕೆಲಸವೂ ಮುಂದೆ ಹೋಗುವುದಿಲ್ಲ. ಲೆಕ್ಕ ಹಾಕಿ ನೋಡಿ. ಹಾಜರಿ ಪುಸ್ತಕದಲ್ಲಿ 40 ಹೆಸರು, ದಾಖಲಾತಿ ಸಂಖ್ಯೆ, ಹುಟ್ಟಿದ ತಾರೀಕು ತಾಳೆ ನೋಡಿ ಬರೆಯಲು ಒಂದು ಗಂಟೆ. ತಲಾ ಆರು ಪಠ್ಯಪುಸ್ತಕ ಅಂದರೆ 240 ಪುಸ್ತಕ. ಎಣಿಸಿ, ಹರಿದದ್ದನ್ನು ಬೇರೆ ಇಟ್ಟು, ನಂಬರ್ ಹಾಕಿ, ಒಬ್ಬೊಬ್ಬರ ಕಟ್ಟು ಮಾಡಿಡಲು ಮೂರು ಗಂಟೆ. ಬೆಂಚು ಎಣಿಸಿ, ಅಲುಗಾಡುವುದನ್ನು, ಮೊಳೆ ಎದ್ದದ್ದನ್ನು ದುರಸ್ತಿಗೆ ಕಳಿಸಿ, ಫ್ಯಾನು, ಲೈಟು, ಕಿಟಕಿಯ ಚಿಲಕ ನೋಡಲು ಒಂದೂವರೆ ಗಂಟೆ. ಯಾರು ಎಲ್ಲಿ ಕೂರಬೇಕು ಅಂತ ಗೊತ್ತು ಮಾಡಲು ಇನ್ನೊಂದು ಗಂಟೆ. ಹಿಂದಿನ ವರ್ಷ ಈ ಮಕ್ಕಳಿಗೆ ಪಾಠ ಮಾಡಿದವರ ಜೊತೆ ಕೂತು ಮಾತಾಡಲು ಒಂದು ಗಂಟೆ. ಮೊದಲ ಎರಡು ವಾರದ ಪಾಠ ಯೋಜನೆಗೆ ಐದೂವರೆ ಗಂಟೆ ಇಟ್ಟುಕೊಳ್ಳಿ. ಅಲ್ಲಿಗೆ 13 ಗಂಟೆ ಆಯಿತು. ಗೋಡೆಗೆ ಅಂಟಿಸುವುದು, ಜೆರಾಕ್ಸ್ ಮಾಡಿಸುವುದು ಇದರಲ್ಲಿ ಸೇರಿಲ್ಲ.

ಶಾಲೆ ತೆರೆಯುವ ಮುಂಚೆ ಶಿಕ್ಷಕರಿಗೆ ಅಂತ ಎರಡು ಮೂರು ದಿನ ಕೊಡುತ್ತಾರಲ್ಲ, ಈ 13 ಗಂಟೆ ಅದರಲ್ಲೇ ಸಿಗಬೇಕು. ಸಿಗುವುದಿಲ್ಲ. ಸಭೆ, ಸಭೆಯ ಮೇಲೆ ಸಭೆ, ಅದರ ನಡುವೆ ಒಂದು ತರಬೇತಿ. ಹೋದ ವರ್ಷದ ನಿಯಮಗಳನ್ನೇ ಪರದೆ ಮೇಲೆ ಹಾಕಿ ಸಾಲು ಸಾಲಾಗಿ ಓದುತ್ತಾರೆ. ಎರಡು ಪುಟದ ಸುತ್ತೋಲೆಯಲ್ಲಿ ಮುಗಿಯುವ ಮಾತಿಗೆ ಅರವತ್ತು ಜನ ಶಿಕ್ಷಕರನ್ನು ಮೂರು ಗಂಟೆ ಕೂರಿಸಿದರೆ 180 ಗಂಟೆಯ ಸಿದ್ಧತೆ ಹಾಳು. ಕೊಠಡಿಯ ಬೀಗ ತೆಗೆಯುವ ಹೊತ್ತಿಗೆ ಸಂಜೆಯಾಗಿರುತ್ತದೆ. ಹಾಗಾಗಿ ಆ 13 ಗಂಟೆ ಎಲ್ಲಿಂದ ಬರುತ್ತದೆ ಅಂದರೆ, ರಜೆಯಿಂದ, ಭಾನುವಾರದಿಂದ, ರಾತ್ರಿಯಿಂದ. ಮೇಲಿಂದ "ನಿಮಗೇನ್ರೀ, ಆರಾಮಾಗಿ ರಜೆ ಕಳೆದು ಬಂದಿದ್ದೀರಿ" ಅನ್ನುವ ಮಾತು ಬೇರೆ. ಮೈ ಉರಿಯುತ್ತದೆ.

ವೇಳಾಪಟ್ಟಿಯ ಕಥೆ ಇದಕ್ಕಿಂತ ಕಷ್ಟದ್ದು. ಮೊದಲ ದಿನ ಕೊಡುವುದು "ತಾತ್ಕಾಲಿಕ" ವೇಳಾಪಟ್ಟಿ. ಎರಡು ವಾರದಲ್ಲಿ ಅದು ಮೂರು ಸಲ ಬದಲಾಗುತ್ತದೆ. ಒಂದೊಂದು ಸಲ ಬದಲಾದಾಗಲೂ ಮಕ್ಕಳು ಬೇರೆ ಪುಸ್ತಕ ತಂದಿರುತ್ತಾರೆ, ಪ್ರಯೋಗಾಲಯದ ಬಾಗಿಲಲ್ಲಿ ಎರಡು ತರಗತಿ ಒಟ್ಟಿಗೆ ಬಂದು ನಿಂತಿರುತ್ತವೆ, ಇನ್ನೊಂದು ತರಗತಿಗೆ ಯಾರೂ ಹೋಗಿರುವುದಿಲ್ಲ. ಇದು ಯಾಕೆ ಹೀಗಾಗುತ್ತದೆ ಅನ್ನುವುದು ಗುಟ್ಟೇನಲ್ಲ. ವೇಳಾಪಟ್ಟಿ ಮಾಡುವಾಗ ಸರಿಸಲಾಗದ್ದನ್ನು ಮೊದಲು ಕೂರಿಸಬೇಕು: ವಾರದಲ್ಲಿ ಎರಡೇ ದಿನ ಬರುವ ಶಿಕ್ಷಕರು, ಎಲ್ಲರೂ ಹಂಚಿಕೊಳ್ಳುವ ಪ್ರಯೋಗಾಲಯ, ಆಟದ ಮೈದಾನ. ಆಮೇಲೆ ಜೋಡಿ ಪೀರಿಯಡ್‌ಗಳು. ಕೊನೆಗೆ ಒಂಟಿ ಪೀರಿಯಡ್‌ಗಳು. ನಮ್ಮಲ್ಲಿ ತಿರುವುಮುರುವು. ಹೋದ ವರ್ಷದ ಹಾಳೆಯನ್ನೇ ಮುಂದಿಟ್ಟುಕೊಂಡು, ಬಿಟ್ಟುಹೋದವರ ಹೆಸರು ಹೊಡೆದು ಬಂದವರ ಹೆಸರು ತುರುಕುತ್ತಾರೆ. ಕೊನೆಗೆ ಒಂದು ತರಗತಿಗೆ ವಾರದ ಐದು ಗಣಿತದ ಪೀರಿಯಡ್‌ನಲ್ಲಿ ನಾಲ್ಕು ಆಯಾ ದಿನದ ಕೊನೆಗೆ ಬೀಳುತ್ತವೆ, ಒಬ್ಬ ಶಿಕ್ಷಕಿಗೆ ಬಿಡುವಿಲ್ಲದೆ ಐದು ಪೀರಿಯಡ್ ಸಾಲಾಗಿ ಬರುತ್ತವೆ. ತೋರಿಸಿದರೆ "ಸದ್ಯಕ್ಕೆ ಹೊಂದಿಸಿಕೊಳ್ಳಿ". ಆ ಸದ್ಯ ವರ್ಷಪೂರ್ತಿ ನಡೆಯುತ್ತದೆ.

ಇಷ್ಟರ ನಡುವೆ ಮೊದಲ ವಾರದಲ್ಲಿ ಆಗಬೇಕಾದ ಕೆಲಸ ಒಂದಿದೆ. ಅದಕ್ಕೆ ಜಾಗವೇ ಇಲ್ಲ. ತರಗತಿಯ ರೂಢಿಗಳನ್ನು ಕಲಿಸುವುದು. ಒಳಗೆ ಬಂದ ಕೂಡಲೇ ಏನು ಮಾಡಬೇಕು, ಬೇಗ ಬರೆದು ಮುಗಿಸಿದವರು ಏನು ಮಾಡಬೇಕು, ಹೊರಗೆ ಹೋಗಬೇಕಾದರೆ ಹೇಗೆ ಕೇಳಬೇಕು. ಹೇಳಿದರೆ ಸಾಲದು. ಹೇಳಬೇಕು, ಒಬ್ಬರಿಂದ ಮಾಡಿಸಿ ತೋರಿಸಬೇಕು, ಎಲ್ಲರಿಂದ ಮಾಡಿಸಬೇಕು, ತಪ್ಪಿದರೆ ಸಿಟ್ಟಾಗದೆ ಮತ್ತೆ ಮೊದಲಿಂದ ಮಾಡಿಸಬೇಕು. ಮರುದಿನವೂ, ಅದರ ಮರುದಿನವೂ.

ನೋಟ್‌ಬುಕ್ ಒಟ್ಟು ಮಾಡುವ ಒಂದೇ ಒಂದು ಕೆಲಸ ತೆಗೆದುಕೊಳ್ಳಿ. 40 ಮಕ್ಕಳು ಒಬ್ಬೊಬ್ಬರಾಗಿ ಎದ್ದು ಬಂದು ಮೇಜಿನ ಮೇಲಿಟ್ಟರೆ ಆರು ನಿಮಿಷ, ಜೊತೆಗೆ ನೂಕಾಟ. ಹಿಂದಿನ ಬೆಂಚಿನಿಂದ ಮುಂದಕ್ಕೆ ದಾಟಿಸಿದರೆ ಬೇಗ ಆಗುತ್ತದೆ, ಆದರೆ ಹಿಂದಿನವನು ಮುಂದಿನವನ ಬೆನ್ನಿಗೆ ತಿವಿಯುತ್ತಾನೆ, ಅದು ನಮಗೆ ಕಾಣುವುದೂ ಇಲ್ಲ. ಅಡ್ಡಡ್ಡಲಾಗಿ, ಸಾಲಿನ ಗೋಡೆ ತುದಿಯಿಂದ ಓಡಾಡುವ ದಾರಿಯ ಕಡೆಗೆ ದಾಟಿಸಿ, ತುದಿಯಲ್ಲಿ ಕೂತವರು ತಮ್ಮ ನೋಟ್‌ಬುಕ್ ಮೇಲಿಡಬೇಕು. ಎಲ್ಲರ ಕೈಯೂ ಕಣ್ಣಿಗೆ ಕಾಣುತ್ತದೆ, ಒಂದು ನಿಮಿಷದಲ್ಲಿ ಮುಗಿಯುತ್ತದೆ, ಯಾವ ಕಟ್ಟು ಯಾವ ಸಾಲಿನದು ಅನ್ನುವುದೂ ಗೊತ್ತಾಗುತ್ತದೆ. ದಿನಕ್ಕೆ ಐದು ನಿಮಿಷ ಉಳಿಯಿತು. 200 ದಿನಕ್ಕೆ 1000 ನಿಮಿಷ. 40 ನಿಮಿಷದ ಪೀರಿಯಡ್ ಅಂದರೆ 25 ಪೀರಿಯಡ್. ಇದನ್ನು ಕಲಿಸಲು ಬೇಕಾದದ್ದು ಮೊದಲ ವಾರದಲ್ಲಿ ದಿನಕ್ಕೆ ಹತ್ತು ನಿಮಿಷ, ಅಷ್ಟೇ. ಆ ಹತ್ತು ನಿಮಿಷ ಕೊಡದೆ ಮೂರನೇ ದಿನವೇ ಬಾಗಿಲಲ್ಲಿ ನಿಂತು "ಎಷ್ಟು ಪಾಠ ಆಯಿತು" ಅಂತ ಕೇಳುತ್ತಾರೆ. ಅದೂ ಮಕ್ಕಳ ಎದುರಿಗೇ.

ಎಷ್ಟು ಪಾಠ ಆಯಿತು ಅನ್ನುವವರು ಮಕ್ಕಳಿಗೆ ಎಷ್ಟು ಮರೆತಿದೆ ಅಂತ ಕೇಳುವುದಿಲ್ಲ. ಅಮೆರಿಕದ ಹ್ಯಾರಿಸ್ ಕೂಪರ್ ಮತ್ತು ಜೊತೆಗಾರರು 39 ಅಧ್ಯಯನಗಳನ್ನು ಒಟ್ಟಿಗಿಟ್ಟು 1996ರಲ್ಲಿ ಬರೆದರು: ಬೇಸಿಗೆ ರಜೆ ಮುಗಿಸಿ ಬಂದ ಮಕ್ಕಳು ಸರಾಸರಿ ಒಂದು ತಿಂಗಳ ಕಲಿಕೆಯಷ್ಟು ಹಿಂದೆ ಬಿದ್ದಿರುತ್ತಾರೆ, ಲೆಕ್ಕ ಮಾಡುವುದರಲ್ಲಿ ಮತ್ತು ಕಾಗುಣಿತದಲ್ಲಿ ಪೆಟ್ಟು ಹೆಚ್ಚು. ನಷ್ಟ ಅಷ್ಟಿಲ್ಲ ಅಂತ ವಾದಿಸುವ ಸಂಶೋಧಕರೂ ಆಮೇಲೆ ಬಂದಿದ್ದಾರೆ. ಅದೇನೇ ಇರಲಿ, ಮೊದಲ ವಾರ 503ರಿಂದ 267 ಕಳೆಯಲು ಹೇಳಿ ನೋಡಿ. 236 ಬರಬೇಕು. ಕೆಲವರು ಸುಮ್ಮನೆ ಹಾಳೆ ನೋಡುತ್ತ ಕೂರುತ್ತಾರೆ. ಕೆಲವರು 364 ಅಂತ ಬರೆದು ಪೆನ್ಸಿಲ್ ಕೆಳಗಿಡುತ್ತಾರೆ. ಎರಡಕ್ಕೂ ತುಂಬ ವ್ಯತ್ಯಾಸ ಇದೆ. ಸುಮ್ಮನೆ ಕೂತ ಮಗುವಿಗೆ ಮರೆತಿದೆ, ಒಂದು ಲೆಕ್ಕ ಹಲಗೆ ಮೇಲೆ ಮಾಡಿ ತೋರಿಸಿದರೆ "ಓ, ಅದಾ" ಅಂತ ಮುಂದಿನ ಹತ್ತು ತಾನೇ ಮಾಡುತ್ತದೆ. 364 ಬರೆದ ಮಗು ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದಿದೆ. ಅದಕ್ಕೆ ಮರೆತಿಲ್ಲ, ದಶಕ ತೆಗೆದುಕೊಳ್ಳುವುದು ಮೊದಲೇ ಅರ್ಥವಾಗಿಲ್ಲ. ಅದನ್ನು ಕಡ್ಡಿ ಕಟ್ಟು ಹಿಡಿದು ಕೂತು ಕಲಿಸಬೇಕು. ಹಾಗೇ 612ನ್ನು 6ರಿಂದ ಭಾಗಿಸಿ 12 ಅಂದವರು. ನಡುವಿನ ಸೊನ್ನೆ ಯಾಕೆ ಬೇಕು ಅನ್ನುವುದು ಅವರಿಗೆ ತಿಳಿದಿಲ್ಲ, 102 ಅಂತ ನಾವು ತಿದ್ದಿ ಬರೆದುಕೊಟ್ಟರೆ ಪ್ರಯೋಜನವಿಲ್ಲ.

ಇದನ್ನು ಪತ್ತೆ ಮಾಡಲು ದೊಡ್ಡ ಪರೀಕ್ಷೆ ಬೇಕಿಲ್ಲ. ಹಿಂದಿನ ವರ್ಷದ್ದೇ 12 ಪ್ರಶ್ನೆ, 20 ನಿಮಿಷ. ಮೊದಲ ದಿನ ಬೇಡ, ಆ ದಿನ ಮಕ್ಕಳಿಗೆ ಕೈಯೇ ಓಡುವುದಿಲ್ಲ, ಎಲ್ಲರೂ ದಡ್ಡರಂತೆ ಕಾಣುತ್ತಾರೆ. ಮೂರನೇ ಅಥವಾ ನಾಲ್ಕನೇ ದಿನ ಮಾಡಬೇಕು. ಅಂಕ ಹಾಕಬಾರದು. ಹಾಳೆಗಳನ್ನು ಮೂರು ಗುಂಪು ಮಾಡಿದರೆ ಸಾಕು: ಬರುತ್ತದೆ, ಮರೆತಿದೆ, ಕಲಿತಿಲ್ಲ. ಮಾರನೇ ದಿನದ ಪಾಠ ಇದರಿಂದಲೇ ತಯಾರಾಗುತ್ತದೆ. ಈಗ ಆಗುತ್ತಿರುವುದೇನು? ಮೇಲಿನಿಂದ 50 ಅಂಕದ ಪ್ರಶ್ನೆಪತ್ರಿಕೆ ಬರುತ್ತದೆ. ತಿದ್ದಬೇಕು, ಪ್ರಶ್ನೆವಾರು ಅಂಕ ನಮೂದಿಸಬೇಕು, ಶೇಕಡಾವಾರು ತೆಗೆಯಬೇಕು, ಮೂರು ಪ್ರತಿ ಮಾಡಬೇಕು, ಕಂಪ್ಯೂಟರ್‌ಗೆ ಹಾಕಬೇಕು. 40 ಮಕ್ಕಳು, 25 ಪ್ರಶ್ನೆ, ಅಂದರೆ ಒಂದೇ ವಿಷಯಕ್ಕೆ 1000 ಅಂಕಿ ತುಂಬಬೇಕು. ತುಂಬಿ ಮುಗಿಸುವ ಹೊತ್ತಿಗೆ ಮೂರು ವಾರ ಕಳೆದಿರುತ್ತದೆ. 364 ಬರೆದ ಮಗು ಅಷ್ಟರಲ್ಲಿ ಹೊಸ ಪುಸ್ತಕದ ಎರಡನೇ ಅಧ್ಯಾಯದಲ್ಲಿ ಮುಳುಗುತ್ತಿರುತ್ತದೆ. ಆ ಅಂಕಿಗಳನ್ನು ಆಮೇಲೆ ಯಾರೂ ತಿರುಗಿ ನೋಡುವುದಿಲ್ಲ.

ಗಂಟಲಿನ ವಿಷಯ ಯಾರೂ ಎತ್ತುವುದೇ ಇಲ್ಲ. ವಾರಗಟ್ಟಲೆ ಮನೆಮಾತಿನ ದನಿಯಲ್ಲಿದ್ದ ಗಂಟಲಿಗೆ ಒಂದೇ ದಿನಕ್ಕೆ ಐದಾರು ಗಂಟೆ ಗಟ್ಟಿದನಿ. ಓಟಗಾರರಿಗೆ ಹೀಗೆ ಮಾಡಿ ಅಂತ ಯಾರಾದರೂ ಹೇಳುತ್ತಾರಾ? ಸುತ್ತ ಗದ್ದಲ ಹೆಚ್ಚಾದಂತೆ ಮನುಷ್ಯ ತನಗೆ ಗೊತ್ತಿಲ್ಲದೆಯೇ ದನಿ ಏರಿಸುತ್ತಾನೆ. ಫ್ರಾನ್ಸಿನ ವೈದ್ಯ ಎತಿಯೆನ್ ಲೊಂಬಾರ್ ಇದನ್ನು 1911ರಲ್ಲೇ ಬರೆದಿಟ್ಟಿದ್ದಾನೆ. ತಗಡಿನ ಮಾಡು, ಕಿರುಗುಟ್ಟುವ ಫ್ಯಾನು, ಬಾಗಿಲಿಲ್ಲದ ಪಕ್ಕದ ತರಗತಿ, ಇವೆಲ್ಲದರ ಮೇಲೆ ನಮ್ಮ ಗಂಟಲು ಹೋಗಬೇಕು. ಅಮೆರಿಕದ ಅಯೋವಾ ಮತ್ತು ಯೂಟಾ ರಾಜ್ಯಗಳಲ್ಲಿ ನಡೆಸಿ 2004ರಲ್ಲಿ ಪ್ರಕಟಿಸಿದ ಸಮೀಕ್ಷೆಯೊಂದರಲ್ಲಿ ಶಿಕ್ಷಕರಲ್ಲಿ ಶೇ. 57.7ರಷ್ಟು ಜನ ಬದುಕಿನಲ್ಲಿ ಒಮ್ಮೆಯಾದರೂ ದನಿಯ ತೊಂದರೆ ಅನುಭವಿಸಿದ್ದರು, ಬೇರೆ ಉದ್ಯೋಗದವರಲ್ಲಿ ಅದು ಶೇ. 28.8. ಹೀಗಿರುವಾಗ ಮೊದಲ ವಾರದಲ್ಲೇ ಐದು ಪೀರಿಯಡ್ ಸಾಲಾಗಿ ಹಾಕುವುದು, ಮೈಕ್ ಇಲ್ಲದೆ ಮೈದಾನದಲ್ಲಿ ಸಾಲು ನಿಲ್ಲಿಸಲು ಕೂಗಿಸುವುದು ಹಿಂಸೆ. ನಮ್ಮ ಕೈಲಾಗುವುದು ಇಷ್ಟು: ಗದ್ದಲದ ಮೇಲೆ ಮಾತಾಡದೆ ಅದು ಇಳಿಯುವವರೆಗೆ ನಿಂತು ಕಾಯುವುದು, ಗಮನ ಸೆಳೆಯಲು ಚಪ್ಪಾಳೆ ಅಥವಾ ಗಂಟೆ ಬಳಸುವುದು, ಪ್ರತಿ ಪೀರಿಯಡ್‌ನಲ್ಲೂ ಹತ್ತು ನಿಮಿಷ ಮಕ್ಕಳು ಬರೆಯುವ ಇಲ್ಲವೇ ಜೋಡಿಯಾಗಿ ಮಾಡುವ ಕೆಲಸ ಇಡುವುದು, ಪಕ್ಕದಲ್ಲೇ ನೀರು ಇಟ್ಟುಕೊಂಡು ಆಗಾಗ ಗುಟುಕರಿಸುವುದು. ಗಂಟಲು ಕಟ್ಟಿದಾಗ ಪಿಸುಗುಟ್ಟಿ ಪಾಠ ಮಾಡಬೇಡಿ, ಒತ್ತಿ ಪಿಸುಗುಟ್ಟಿದರೂ ಗಂಟಲಿಗೆ ಶ್ರಮವೇ. ದನಿ ನಾಲ್ಕು ವಾರವಾದರೂ ಸರಿಯಾಗದಿದ್ದರೆ ಕಿವಿ, ಮೂಗು, ಗಂಟಲಿನ ವೈದ್ಯರಿಗೆ ತೋರಿಸಲೇಬೇಕು. ಉಸಿರಾಡಲು, ನುಂಗಲು ಕಷ್ಟವಾದರೆ ಅಷ್ಟು ದಿನ ಕಾಯಲೂಬಾರದು.

ನಿದ್ದೆ ಬಗ್ಗೆ ಒಂದೇ ಮಾತು. ರಜೆಯ ಕೊನೆಯ ರಾತ್ರಿ ಬೇಗ ಮಲಗಿದರೆ ಏನೂ ಆಗುವುದಿಲ್ಲ, ಮೈ ಒಪ್ಪುವುದಿಲ್ಲ. ಹತ್ತು ದಿನ ಮುಂಚಿನಿಂದ ಎರಡು ದಿನಕ್ಕೊಮ್ಮೆ ಏಳುವ ಹೊತ್ತನ್ನು 15 ನಿಮಿಷ ಹಿಂದಕ್ಕೆ ತರಬೇಕು, ಎದ್ದ ಕೂಡಲೇ ಬೆಳಕಿಗೆ ಬರಬೇಕು. ರಾತ್ರಿ ಒಂದರವರೆಗೆ ಹಾಜರಿ ಪುಸ್ತಕ ಬರೆಯುವವರಿಗೆ ಇದೆಲ್ಲ ಹೇಗೆ ಸಾಧ್ಯ, ಅದನ್ನು ಆಡಳಿತದವರೇ ಹೇಳಬೇಕು.

ಕೇಳುತ್ತಿರುವುದು ಸಂಬಳ ಅಲ್ಲ, ಇನ್ನಷ್ಟು ರಜೆಯೂ ಅಲ್ಲ. ಶಾಲೆ ತೆರೆಯುವ ಮುಂಚಿನ ದಿನಗಳಲ್ಲಿ ಒಂದೇ ಸಭೆ ಮಾಡಿ, ಒಂದು ಗಂಟೆಯಲ್ಲಿ ಮುಗಿಸಿ, ಉಳಿದದ್ದನ್ನು ಬರೆದು ಕಳಿಸಿ. ಒಮ್ಮೆ ಕೊಟ್ಟ ವೇಳಾಪಟ್ಟಿಯನ್ನು ಎರಡು ವಾರ ಮುಟ್ಟಬೇಡಿ, ತಪ್ಪಿದ್ದರೆ ಬರೆದಿಟ್ಟುಕೊಂಡು ಒಂದೇ ಸಲ ಸರಿ ಮಾಡಿ. ಅಂಕಿ ಅಂಶ ತುಂಬುವ ಕೆಲಸ ಮೂರನೇ ವಾರದ ತನಕ ಬೇಡ. ತರಗತಿಯ ಪಟ್ಟಿ ಐದು ದಿನ ಮುಂಚೆ ಕೊಡಿ, ಅರೆಬರೆಯಾದರೂ ಸರಿ, "ಇನ್ನೂ ಬದಲಾಗಬಹುದು" ಅಂತ ಮೇಲೆ ಬರೆದೇ ಕೊಡಿ. ಪೆನ್ಸಿಲ್‌ನಲ್ಲಿ ಬರೆದಿಟ್ಟುಕೊಳ್ಳುತ್ತೇವೆ. ಕೊನೇ ಗಳಿಗೆಯಲ್ಲಿ ನಾಲ್ಕು ಹೆಸರು ಅಳಿಸಿ ನಾಲ್ಕು ಹೆಸರು ಸೇರಿಸಲು ನಮಗೆ ಐದು ನಿಮಿಷ ಸಾಕು.