ಗ್ರೀನ್ ಸುತ್ತಲಿನ ಆಟವನ್ನು ಕೋಲಾರದಲ್ಲೇ ಕಲಿಯಬಹುದು

ಗಾಲ್ಫ್ ಎಂದರೆ ಚೆಂಡನ್ನು ದೂರಕ್ಕೆ ಬಾರಿಸುವ ಆಟ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ವಾರಾಂತ್ಯದಲ್ಲಿ ಕೋಲಾರದಿಂದ ಬೆಂಗಳೂರಿನ ಕಡೆಗೆ ಆಡಲು ಹೋಗುವ ಗೆಳೆಯರಲ್ಲಿ ಹೆಚ್ಚಿನವರು ಒಂದು ಬಕೆಟ್ ಚೆಂಡು ಪಡೆದು, ಅಷ್ಟನ್ನೂ ಅತಿ ದೂರ ಹೊಡೆಯುವ ಕ್ಲಬ್ ಆದ ಡ್ರೈವರ್‌ನಿಂದಲೇ ಹೊಡೆದು ಮುಗಿಸಿ ಮನೆಗೆ ಮರಳುತ್ತಾರೆ. ಆದರೆ ಪಾರ್ 72 (18 ಕುಳಿ ಮುಗಿಸಲು ನಿಗದಿಯಾದ ಹೊಡೆತಗಳ ಸಂಖ್ಯೆ) ಎಂಬ ಲೆಕ್ಕವೇ ಪ್ರತಿ ಗ್ರೀನ್‌ನಲ್ಲಿ (ಕುಳಿಯ ಸುತ್ತ ಹುಲ್ಲನ್ನು ನುಣ್ಣಗೆ ಕತ್ತರಿಸಿದ ಜಾಗ) ಎರಡು ಪಟ್ (ಚೆಂಡನ್ನು ಕುಳಿಯತ್ತ ಉರುಳಿಸುವ ಹೊಡೆತ) ಎಂಬ ಆಧಾರದ ಮೇಲೆ ನಿಂತಿದೆ. 18 ಕುಳಿಗಳಿಗೆ 36 ಹೊಡೆತಗಳು, ಅಂದರೆ ಸರಿಯಾಗಿ ಅರ್ಧ.

ಇದಕ್ಕೆ ಪ್ರತಿವಾದವೂ ಇದೆ. ಕೊಲಂಬಿಯಾ ವಿಶ್ವವಿದ್ಯಾಲಯದ ಮಾರ್ಕ್ ಬ್ರಾಡಿ ಅವರು ಲಕ್ಷಾಂತರ ಹೊಡೆತಗಳ ಅಂಕಿಅಂಶ ಪರಿಶೀಲಿಸಿ, ಆಟಗಾರರ ನಡುವಿನ ಅಂತರದಲ್ಲಿ ಸುಮಾರು ಮೂರನೇ ಎರಡು ಪಾಲು ದೂರದ ಹೊಡೆತಗಳಿಂದಲೇ ಬರುತ್ತದೆ ಎಂದು ತೋರಿಸಿದ್ದಾರೆ. ಅದನ್ನು ನಾನು ಒಪ್ಪುತ್ತೇನೆ. ಆದರೂ, ದೂರದ ಹೊಡೆತ ಕಲಿಯಲು ಇನ್ನೂರೈವತ್ತು ಗಜದ ಬಯಲು ಬೇಕು. ಚಿಪ್ (ಗ್ರೀನ್ ಪಕ್ಕದಿಂದ ಹೊಡೆಯುವ ಕಿರು ಹೊಡೆತ) ಮತ್ತು ಪಟ್‌ಗೆ ಮನೆಯ ಹಿಂದಿನ ಇಪ್ಪತ್ತು ಅಡಿ ಜಾಗ ಸಾಕು. ನಮ್ಮಂಥ ಊರಿನವರಿಗೆ ಈ ವ್ಯತ್ಯಾಸವೇ ಮುಖ್ಯ. ಬೆಂಗಳೂರಿನ ಅದಿತಿ ಅಶೋಕ್ ದೂರ ಹೊಡೆಯುವುದಕ್ಕೆ ಹೆಸರಾದವರಲ್ಲ. ಆದರೂ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಮುಖ್ಯವಾಗಿ ಪಟಿಂಗ್‌ನ ಬಲದಿಂದಲೇ ಕೊನೆಯ ಕುಳಿಯವರೆಗೆ ಪದಕದ ಹೋರಾಟದಲ್ಲಿ ಉಳಿದು, ಒಂದೇ ಹೊಡೆತದ ಅಂತರದಲ್ಲಿ ನಾಲ್ಕನೆಯವರಾದರು.

ಚಿಪ್ ಮಾಡುವಾಗ ಚೆಂಡನ್ನು ಎತ್ತರಕ್ಕೆ ಹಾರಿಸುವ ಆಸೆ ಬಿಡಬೇಕು. ಗ್ರೀನ್ ಅಂಚಿನಿಂದ ನಾಲ್ಕು ಹೆಜ್ಜೆ ಹೊರಗಿದ್ದರೆ ಎಂಟನೇ ಐರನ್ ಎಂಬ ಲೋಹದ ಕ್ಲಬ್ ಹಿಡಿದು, ಭಾರವನ್ನು ಎಡಗಾಲಿನ ಮೇಲಿಟ್ಟು, ಕೈಗಳನ್ನು ಚೆಂಡಿಗಿಂತ ತುಸು ಮುಂದೆ ತಂದು, ಮಣಿಕಟ್ಟು ಬಾಗದಂತೆ ಭುಜದಿಂದಲೇ ತೂಗಿದರೆ ಚೆಂಡು ಸ್ವಲ್ಪವೇ ಹಾರಿ ಉಳಿದ ದೂರವನ್ನು ಉರುಳಿ ಕ್ರಮಿಸುತ್ತದೆ. ಅಭ್ಯಾಸಕ್ಕೆ ಒಂದು ಟವೆಲ್ ಹಾಸಿ, ಮೊದಲು ಚೆಂಡನ್ನು ಕೈಯಿಂದಲೇ ತಗ್ಗಾಗಿ ಎಸೆದು, ಟವೆಲ್ ಮೇಲೆ ಬಿದ್ದ ಮೇಲೆ ಎಷ್ಟು ದೂರ ಉರುಳುತ್ತದೆ ಎಂದು ನೋಡಿ. ಅನಂತರ ಕ್ಲಬ್ ಹಿಡಿದಾಗ ಕಣ್ಣು ಕುಳಿಯನ್ನು ಬಿಟ್ಟು ಚೆಂಡು ಬೀಳಬೇಕಾದ ಜಾಗವನ್ನೇ ಹುಡುಕುತ್ತದೆ.

ನಮ್ಮ ಕೆಂಪು ನೆಲದ ಬಗ್ಗೆ ಒಂದು ಮಾತು ಹೇಳಲೇಬೇಕು. ಬೇಸಿಗೆಯಲ್ಲಿ ಅದು ಕಲ್ಲಿನಂತಾಗುತ್ತದೆ. ತಳ ಉಬ್ಬಿರುವ ಸ್ಯಾಂಡ್ ವೆಜ್ ಎಂಬ ಕ್ಲಬ್ ಮರಳಿಗೆ ಹೇಳಿಮಾಡಿಸಿದ್ದು; ಗಟ್ಟಿ ನೆಲದಲ್ಲಿ ಅದೇ ತಳ ಪುಟಿದು, ಅದರ ಅಂಚು ಚೆಂಡಿನ ನಡುವಿಗೆ ತಾಗಿ, ಚೆಂಡು ಗ್ರೀನ್ ದಾಟಿ ಹೋಗುತ್ತದೆ. ಹೀಗಾಗಿ ಇಲ್ಲಿ ಕಲಿಯುವವರು ಅದನ್ನು ಚೀಲದಲ್ಲೇ ಬಿಟ್ಟು ಐರನ್‌ನಿಂದ ಆರಂಭಿಸುವುದು ಒಳ್ಳೆಯದು. ಬಂಕರ್ (ಮೈದಾನದ ಮರಳು ಗುಂಡಿ) ಹೊಡೆತದ ಅಭ್ಯಾಸಕ್ಕೆ ಯಾರದೋ ಮನೆ ಕಟ್ಟಲು ತಂದ ಮರಳಿನ ರಾಶಿಯನ್ನು, ಮಾಲೀಕರ ಒಪ್ಪಿಗೆ ಪಡೆದು, ಬಳಸಬಹುದು: ಚೆಂಡಿಗಿಂತ ಎರಡು ಇಂಚು ಹಿಂದೆ ಮರಳಿಗೆ ಹೊಡೆಯಬೇಕು, ಅರ್ಧಕ್ಕೆ ನಿಲ್ಲಿಸಬಾರದು.

ಪಟ್‌ನಲ್ಲಿ ಗುರಿಗಿಂತ ವೇಗ ದೊಡ್ಡದು. ಕುಳಿಯ ಅಗಲ 108 ಮಿಲಿಮೀಟರ್ ಇದ್ದರೂ, ರಭಸದಿಂದ ಬರುವ ಚೆಂಡಿಗೆ ಅದರ ನಡುಭಾಗ ಮಾತ್ರ ತೆರೆದಿರುತ್ತದೆ. ತಪ್ಪಿದರೂ ಒಂದೂವರೆ ಅಡಿ ಮುಂದೆ ನಿಲ್ಲುವಷ್ಟು ವೇಗ ಹದವಾದುದು. ಬರ್ಮುಡಾ ಹುಲ್ಲಿನ ಗ್ರೀನ್‌ಗಳಲ್ಲಿ ಹುಲ್ಲು ವಾಲಿದ ದಿಕ್ಕನ್ನೂ ಗಮನಿಸಬೇಕು: ಕುಳಿಯ ಕಡೆಗೆ ನೋಡಿದಾಗ ಹುಲ್ಲು ಹೊಳೆದರೆ ಚೆಂಡು ಓಡುತ್ತದೆ, ಮಂಕಾಗಿ ಕಂಡರೆ ತಡೆಯುತ್ತದೆ. ಇನ್ನೂ ಸಂಶಯವಿದ್ದರೆ ಕುಳಿಯ ಅಂಚು ನೋಡಿ; ಯಾವ ಪಕ್ಕ ಹರಿದು ಕಂದಿದೆಯೋ ಹುಲ್ಲು ಆ ಪಕ್ಕಕ್ಕೆ ವಾಲಿರುತ್ತದೆ.

ಕೋಲಾರದ ಸರ್ ಎಂ. ವಿಶ್ವೇಶ್ವರಯ್ಯ ಕ್ರೀಡಾಂಗಣದ ಒಂದು ಮೂಲೆಯಲ್ಲಿ ಪಟಿಂಗ್‌ಗೆಂದು ಜಾಗ ಬಿಡಬೇಕೆಂಬುದು ನನ್ನ ಒತ್ತಾಯ. ಬರದ ಜಿಲ್ಲೆಯಲ್ಲಿ ದಿನವೂ ನೀರು ಬೇಡುವ ಹುಲ್ಲಿನ ಗ್ರೀನ್ ಕೇಳುವುದು ನ್ಯಾಯವಲ್ಲ. ಕೃತಕ ಹುಲ್ಲಿನ ಒಂದು ಪಟ್ಟಿ, ಮೂರು ಕುಳಿ, ಮಕ್ಕಳ ಎತ್ತರಕ್ಕೆ ಹೊಂದುವ ಕೆಲವು ಪಟರ್‌ಗಳಿದ್ದರೆ ಸರ್ಕಾರಿ ಶಾಲೆಯ ಮಕ್ಕಳೂ ಶಾಲೆ ಬಿಟ್ಟ ಮೇಲೆ ಬಂದು ಆಡಬಹುದು. ಈ ಕುರಿತು ಮನವಿ ಸಿದ್ಧಪಡಿಸುತ್ತಿದ್ದೇನೆ; ಸಹಿ ಹಾಕಲು ಇಚ್ಛಿಸುವವರು ದಯವಿಟ್ಟು ತಿಳಿಸಿ.