ಎಲಿನರ್ ಯಂಗ್‌ಗೆ ಕೋಣೆ ಇಲ್ಲ

‘ಕ್ರೇಜಿ ರಿಚ್ ಏಷಿಯನ್ಸ್’ ಸಿನಿಮಾದ ಮೊದಲ ದೃಶ್ಯದ ಬಗ್ಗೆ ಗೆಳೆಯರೊಬ್ಬರ ಜೊತೆ ನನಗೆ ದೊಡ್ಡ ವಾಗ್ವಾದವೇ ನಡೆಯಿತು. ನೋಡದವರಿಗಾಗಿ ಹೇಳುತ್ತೇನೆ. 1995ರ ಲಂಡನ್, ಮಳೆಯ ರಾತ್ರಿ. ಸಿಂಗಪುರದ ಎಲಿನರ್ ಯಂಗ್ (ಮಿಶೆಲ್ ಯೋ) ಮಕ್ಕಳೊಂದಿಗೆ ತೊಪ್ಪೆಯಾಗಿ ಒಂದು ಐಷಾರಾಮಿ ಹೋಟೆಲಿಗೆ ಬರುತ್ತಾಳೆ. ಕೋಣೆ ಕಾದಿರಿಸಿದ್ದಾಳೆ. ಆದರೂ ಅವಳ ಹೆಸರು ಪಟ್ಟಿಯಲ್ಲಿ ಸಿಗುವುದಿಲ್ಲ. ಚೈನಾಟೌನ್‌ ಕಡೆ ವಿಚಾರಿಸಿ ಎಂಬ ಸಲಹೆ ಸಿಗುತ್ತದೆ. ಅವಳು ಬೀದಿಯ ಫೋನ್ ಬೂತಿಗೆ ಹೋಗಿ ಗಂಡನಿಗೆ ಕರೆ ಮಾಡುತ್ತಾಳೆ. ಸ್ವಲ್ಪ ಹೊತ್ತಿನಲ್ಲೇ ಆ ಹೋಟೆಲ್ ಯಂಗ್ ಕುಟುಂಬದ ಸ್ವತ್ತಾಗಿರುತ್ತದೆ!

ಗೆಳೆಯರ ವಾದ ಇಷ್ಟು: ಹೋಟೆಲಿನವನಿಗೆ ಬೇಕಾದದ್ದು ದುಡ್ಡು, 1995ರ ಹೊತ್ತಿಗೆ ಲಂಡನ್ನಿನಲ್ಲಿ ಯಾರೂ ಹೀಗೆ ಮಾಡುತ್ತಿರಲಿಲ್ಲ, ಇದೆಲ್ಲ ಪ್ರೇಕ್ಷಕರನ್ನು ಕೆರಳಿಸುವ ತಂತ್ರ. ನನಗೆ ಅನಿಸುವುದು ಇದಕ್ಕೆ ತದ್ವಿರುದ್ಧ. ಆ ದೃಶ್ಯದಲ್ಲಿ ನಂಬಲು ಕಷ್ಟವಾಗುವುದು ಫೋನ್ ಕರೆ ಒಂದೇ. ಬಾಗಿಲಲ್ಲಿ ತಡೆದದ್ದು ಅಪ್ಪಟ ವಾಸ್ತವ.

ಲಂಡನ್ನಿನ ಹೋಟೆಲುಗಳ ಹಳೆಯ ದಾಖಲೆಯನ್ನೇ ನೋಡೋಣ. ವೆಸ್ಟ್ ಇಂಡೀಸ್‌ನ ಕ್ರಿಕೆಟಿಗ ಲಿಯರಿ ಕಾನ್‌ಸ್ಟಂಟೈನ್ 1943ರಲ್ಲಿ ಲಾರ್ಡ್ಸ್ ಪಂದ್ಯಕ್ಕೆಂದು ಹೆಂಡತಿ, ಮಗಳ ಜೊತೆ ಬಂದು ರಸೆಲ್ ಸ್ಕ್ವೇರ್‌ನ ಇಂಪೀರಿಯಲ್ ಹೋಟೆಲಿನಲ್ಲಿ ನಾಲ್ಕು ರಾತ್ರಿಗಳಿಗೆ ಕೋಣೆ ಕಾದಿರಿಸಿದ್ದರು. ಅಲ್ಲಿದ್ದ ಬಿಳಿಯ ಅಮೆರಿಕನ್ನರಿಗೆ ಇರಿಸುಮುರಿಸಾಗುತ್ತದೆಂದು ಒಂದು ರಾತ್ರಿಗಿಂತ ಹೆಚ್ಚು ಇರುವಂತಿಲ್ಲ ಎಂದರು. ಅವರು ದೇಶಕ್ಕೆಲ್ಲ ಗೊತ್ತಿದ್ದ ಆಟಗಾರ, ಸಾಲದ್ದಕ್ಕೆ ಬ್ರಿಟಿಷ್ ಸರ್ಕಾರದ ಕಾರ್ಮಿಕ ಇಲಾಖೆಯ ಅಧಿಕಾರಿ. ಮೊಕದ್ದಮೆ ಹೂಡಿ ಗೆದ್ದಾಗ ಸಿಕ್ಕ ಪರಿಹಾರ ಐದು ಗಿನಿ, ಅಂದರೆ ಐದು ಪೌಂಡಿಗಿಂತ ತುಸು ಹೆಚ್ಚು. ಹೋಟೆಲ್ ಕೊಳ್ಳುವ ಮಾತು ಬಿಡಿ, ಆ ಹಣದಲ್ಲಿ ಅಲ್ಲಿ ಹೆಚ್ಚು ದಿನ ತಂಗುವುದೂ ಕಷ್ಟ.

1965ರಲ್ಲಿ ಜನಾಂಗ ತಾರತಮ್ಯದ ವಿರುದ್ಧ ಬ್ರಿಟನ್ನಿನಲ್ಲಿ ಮೊದಲ ಕಾನೂನು ಬಂತು, 1976ರಲ್ಲಿ ಅದು ಇನ್ನಷ್ಟು ಬಿಗಿಯಾಯಿತು. ಅಂದ ಮೇಲೆ 1995ರ ಮ್ಯಾನೇಜರ್ ‘ನಿಮ್ಮಂಥವರಿಗೆ ಕೋಣೆ ಕೊಡುವುದಿಲ್ಲ’ ಎಂದು ಬಾಯಿಬಿಟ್ಟು ಹೇಳುತ್ತಾನೆಯೇ? ಪುಸ್ತಕ ತಿರುವುತ್ತಾನೆ, ಹೆಸರಿಲ್ಲ ಎನ್ನುತ್ತಾನೆ, ನಗುತ್ತಾನೆ. ಸಿನಿಮಾಕ್ಕೆ ಮೂಲವಾದ ಕೆವಿನ್ ಕ್ವಾನ್ ಅವರ ಕಾದಂಬರಿಯಲ್ಲಿ ಇದು ನಡೆಯುವುದು 1986ರಲ್ಲಿ. ಸಿನಿಮಾ ಅದನ್ನು ಒಂಬತ್ತು ವರ್ಷ ಮುಂದಕ್ಕೆ ತಂದಿತು ಎಂಬುದೇ ಗೆಳೆಯರ ತಕರಾರಿನ ಮೂಲ. ಆ ಒಂಬತ್ತು ವರ್ಷಗಳಲ್ಲಿ ನಗೆ ಇನ್ನಷ್ಟು ನಯವಾಗಿರಬಹುದು, ಅಷ್ಟೇ.

ಇನ್ನೊಂದು ಸೂಕ್ಷ್ಮವಿದೆ. ಯಂಗ್ ಎಂಬುದು ಇಂಗ್ಲಿಷರಲ್ಲೂ ಇರುವ ಹೆಸರು. ಕಾಗದದ ಮೇಲೆ ಸಲೀಸಾಗಿ ಒಳಗೆ ಹೋದದ್ದು ಮುಖ ಕಂಡೊಡನೆ ಬಾಗಿಲಲ್ಲಿ ನಿಂತಿತು. ಅಮೆರಿಕದ ಸಮಾಜಶಾಸ್ತ್ರಜ್ಞ ರಿಚರ್ಡ್ ಲಾಪಿಯರ್‌ಗೆ ಆದದ್ದು ಇದರ ಉಲ್ಟಾ. 1930ರ ದಶಕದ ಆರಂಭದಲ್ಲಿ ಅವರು ಚೀನೀ ದಂಪತಿಯೊಂದಿಗೆ ದೇಶ ಸುತ್ತಿದರು. ಹೋಟೆಲು, ಊಟದ ಮನೆ ಎಲ್ಲ ಸೇರಿ 251 ಕಡೆ ಹೋದರೆ ಇಲ್ಲವೆಂದದ್ದು ಒಂದೇ ಕಡೆ. ಆಮೇಲೆ ಅದೇ ಜಾಗಗಳಿಗೆ ಪತ್ರ ಬರೆದು ‘ಚೀನೀಯರಿಗೆ ಅವಕಾಶ ಕೊಡುತ್ತೀರಾ’ ಎಂದು ಕೇಳಿದರು. ಉತ್ತರಿಸಿದವರಲ್ಲಿ ಶೇಕಡಾ 90ಕ್ಕೂ ಹೆಚ್ಚು ಮಂದಿ ಇಲ್ಲ ಎಂದರು. ಹಾಗಾದರೆ ಎದುರಿಗೆ ಬಂದಾಗ ಒಳಗೆ ಬಿಟ್ಟದ್ದೇಕೆ? ಒಳ್ಳೆಯ ಬಟ್ಟೆ, ಒಪ್ಪವಾದ ಪೆಟ್ಟಿಗೆ, ನಗುಮುಖ ಇವೆಲ್ಲ ಬಣ್ಣಕ್ಕಿಂತ ಹೆಚ್ಚು ಕೆಲಸ ಮಾಡಿದ್ದವು ಎಂದು ಲಾಪಿಯರ್ ಗುರುತಿಸಿದ್ದಾರೆ. ಎಲಿನರ್‌ಳನ್ನು ಮಳೆಯಲ್ಲಿ ತೋಯಿಸಿದ್ದರ ಮರ್ಮ ನನಗೆ ಹೊಳೆದದ್ದು ಆಗ. ಇಸ್ತ್ರಿ ಹಾಳಾದ ಬಿಳಿಯ ಶ್ರೀಮಂತೆ ಆಗಲೂ ಶ್ರೀಮಂತೆಯೇ. ಇವಳ ಕೋಟು ಒದ್ದೆಯಾದರೆ ಉಳಿಯುವುದು ಚೀನೀ ಮುಖ ಮಾತ್ರ.

ನಾನು ಇದನ್ನು ನೋಡಿದ್ದು 2018ರಲ್ಲಿ, ಸಿಂಗಪುರದ ಚಿತ್ರಮಂದಿರದಲ್ಲಿ. ಹೋಟೆಲ್ ಕೈಬದಲಾದಾಗ ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಸ್ವಲ್ಪ ಹೊತ್ತಿಗೆ ಯಂಗ್ ಬಂಗಲೆಯ ದಾರಿಯ ಕತ್ತಲಲ್ಲಿ ನಮ್ಮ ಕಡೆಯ ಮುಖಗಳ ಕಾವಲುಗಾರರು ಪ್ರತ್ಯಕ್ಷರಾಗುತ್ತಾರೆ, ಕಾರಿನಲ್ಲಿದ್ದವರು ಬೆಚ್ಚಿಬೀಳುತ್ತಾರೆ. ಜನ ನಕ್ಕರು. ನಾನೂ ನಕ್ಕೆ, ಆಮೇಲೆ ಪಕ್ಕದಲ್ಲಿದ್ದ ಹೆಂಡತಿಯ ಮುಖ ನೋಡಿದೆ. ಅವಳು ನಕ್ಕಿರಲಿಲ್ಲ.

ಆ ತಿಂಗಳು ನಾವು ಮನೆ ಹುಡುಕುತ್ತಿದ್ದೆವು. ಬಾಡಿಗೆ ಜಾಹೀರಾತುಗಳಲ್ಲಿ ‘ಭಾರತೀಯರು ಬೇಡ, ಚೀನಾ ದೇಶದವರು ಬೇಡ’ ಎಂದು ಬರೆಯುವ ಚಾಳಿ ಅಲ್ಲಿ ಎಷ್ಟೋ ವರ್ಷಗಳಿಂದ ಸುದ್ದಿಯಾಗಿತ್ತು. ನಮಗೆ ಸಿಕ್ಕ ದಲ್ಲಾಳಿ ಬಹಳ ಸಭ್ಯ. ‘ಸರ್, ಮನೆಯಲ್ಲಿ ದಿನಾ ಅಡುಗೆ ಮಾಡುತ್ತೀರಾ?’ ಎಂದಷ್ಟೇ ಕೇಳಿದರು. ಮಾಡುತ್ತೇವೆ ಎಂದೆ. ಅರ್ಧ ಗಂಟೆಯಲ್ಲಿ ಮನೆ ಬೇರೆಯವರಿಗೆ ಹೋಯಿತೆಂದು ಸಂದೇಶ ಬಂತು. ನನ್ನ ಹೆಂಡತಿ ದಿನಾ ರಾತ್ರಿ ಮೊಬೈಲ್ ತೆರೆದು ನೋಡುತ್ತಿದ್ದಳು. ಮೂರು ವಾರವಾದರೂ ಆ ಜಾಹೀರಾತು ಹಾಗೆಯೇ ಇತ್ತು.